ವಿಲ್ ಮಾರುವ ರೀಲ್‌ಗಳು, ನಮ್ಮ ಅಪ್ಪಂದಿರ ಹೆಬ್ಬೆಟ್ಟು



ಉದ್ದದ ಪೋಸ್ಟು. ಜಮೀನಿನ ವಿಷಯ ಆಗಿರೋದ್ರಿಂದ ಎರಡು ಸಾಲಲ್ಲಿ ಮುಗಿಯಲ್ಲ. ಪುರುಸೊತ್ತು ಮಾಡ್ಕೊಂಡು ಓದಿ.

ಈಗ ಮೊಬೈಲ್ ತೆಗೆದರೆ ಸಾಕು, ಕರಿ ಕೋಟು ಹಾಕಿಕೊಂಡ ಒಬ್ಬರು ಬಂದು "ನೀವು ವಿಲ್ ಮಾಡಿಸಿದ್ದೀರಾ? ಇಲ್ಲಾಂದ್ರೆ ನಾಳೆ ನಿಮ್ಮ ಮಕ್ಕಳು ಕೋರ್ಟು ಅಲೀಬೇಕು" ಅಂತ ಹೆದರಿಸಿ ಹೋಗ್ತಾರೆ. ಬೆನ್ನ ಹಿಂದೆ ಗಾಜಿನ ಬೀರು, ಅದರ ತುಂಬ ಒಂದೇ ಬಣ್ಣದ ದಪ್ಪ ದಪ್ಪ ಪುಸ್ತಕ. ಇವರ ಹಿಂದೆ ಇನ್ನೊಂದು ವ್ಯಾಪಾರ ಇದೆ. ವಿಲ್ಲು, ಟ್ರಸ್ಟು, ಆಸ್ತಿ ಹಂಚಿಕೆ ಮಾಡಿಸೋ ವಕೀಲರಿಗೆ ರೀಲ್ ಮಾಡೋದು ಹೇಗೆ, ಕಕ್ಷಿದಾರರನ್ನ ಹಿಡಿಯೋದು ಹೇಗೆ ಅಂತ ಹೇಳಿಕೊಡೋ ವ್ಯಾಪಾರ. ಅಂಥ ಒಂದು ಆನ್‌ಲೈನ್ ಕೋರ್ಸಿನ ನೋಟ್ಸನ್ನ ನಮ್ಮ ಕಡೆಯ ಹುಡುಗನೊಬ್ಬ ನನಗೆ ಕಳಿಸಿದ. ಎಲ್‌ಎಲ್‌ಬಿ ಮುಗಿಸಿ ನಾಲ್ಕು ವರ್ಷದಿಂದ ತಾಲ್ಲೂಕು ಕೋರ್ಟಲ್ಲಿ ಓಡಾಡ್ತಿದ್ದಾನೆ. ಸೀನಿಯರ್ ಕೊಡೋದು ಬಸ್ ಚಾರ್ಜಿಗೆ ಸರಿಹೋಗುತ್ತೆ. "ಅಣ್ಣಾ, ಹಿಂಗೆ ಮಾಡಿದ್ರೆ ನನಗೂ ಕಕ್ಷಿದಾರರು ಬರ್ತಾರಾ?" ಅಂತ ಕೇಳಿದ್ದ. ಅವನಂಥವರು ಪ್ರತಿ ತಾಲ್ಲೂಕಲ್ಲೂ ಇದ್ದಾರೆ. ಅದಕ್ಕೇ ಉತ್ತರವನ್ನ ಎಲ್ಲರ ಎದುರಿಗೇ ಬರೀತಿದ್ದೀನಿ.

ಆ ನೋಟ್ಸಲ್ಲಿ ಏನಿದೆ? ಮೊದಲನೇ ಪಾಠ, ನಿಮ್ಮ ಗ್ರಾಹಕ ಯಾರು ಅಂತ ಒಂದು ಹಾಳೆ ಮೇಲೆ ಬರೆದುಕೊಳ್ಳಿ. ಮಾದರಿಗೆ ಅವರೇ ಬರೆದೂ ಕೊಟ್ಟಿದ್ದಾರೆ: ವಯಸ್ಸು ಐವತ್ತೈದು, ಎರಡು ಸೈಟು, ಒಂದು ಅಪಾರ್ಟ್‌ಮೆಂಟು, ಷೇರು, ಮಗ ಅಮೆರಿಕಾದಲ್ಲಿ. ಎರಡನೇ ಪಾಠ, ಮೊದಲ ಮೂರು ಸೆಕೆಂಡಲ್ಲಿ ಹೆದರಿಸಿ, ಆಮೇಲೆ ಸಮಾಧಾನ ಹೇಳಿ. ಮೂರನೇದು, ವಾರಕ್ಕೆ ಮೂರು ವಿಡಿಯೋ ಹಾಕಿ, ಒಂದೊಂದರಲ್ಲಿ ಒಂದೇ ಪ್ರಶ್ನೆ, ಕಾನೂನಿನ ಕಷ್ಟದ ಪದ ಬೇಡ. (ಇದೊಂದು ಒಳ್ಳೇ ಮಾತು, ಒಪ್ಕೋತೀನಿ.) ಆಮೇಲೆ ಆಡಿಟರು, ವಿಮೆ ಏಜೆಂಟರು, ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು, ಇವರ ಸ್ನೇಹ ಬೆಳೆಸಿ. ಕೊನೆಯಲ್ಲಿ ಒಂದು ಸಾಲು: ಜಾತಿ, ರಾಜಕೀಯ, ವಿವಾದ ಮುಟ್ಟಬೇಡಿ, ಗ್ರಾಹಕರು ದೂರ ಹೋಗ್ತಾರೆ.

ಆಸ್ತಿ ಬಗ್ಗೆ ಮಾತಾಡಬೇಕಂತೆ, ಜಾತಿ ಬಗ್ಗೆ ಮಾತಾಡಬಾರದಂತೆ! ಈ ದೇಶದಲ್ಲಿ ಯಾರ ಹತ್ತಿರ ಆಸ್ತಿ ಇರಬೇಕು, ಯಾರ ಹತ್ತಿರ ಇರಬಾರದು ಅಂತ ತೀರ್ಮಾನ ಮಾಡಿದ್ದು ಯಾವುದು ಸ್ವಾಮಿ, ಜಾತಕವಾ?

ಈ ವಿದ್ಯೆ ಇಲ್ಲಿ ಹುಟ್ಟಿದ್ದಲ್ಲ. ಅಮೆರಿಕದಿಂದ ಬಂದಿದ್ದು. ಅಲ್ಲೂ ಒಂದು ಕಾಲದಲ್ಲಿ ವಕೀಲರು ಜಾಹೀರಾತು ಕೊಡೋ ಹಾಗಿರಲಿಲ್ಲ. ಆರಿಜೋನಾ ರಾಜ್ಯದ ಇಬ್ಬರು ಯುವ ವಕೀಲರು, ಬಡವರಲ್ಲದಿದ್ದರೂ ದೊಡ್ಡ ಫೀಸು ಕೊಡಲಾಗದ ಸಾಧಾರಣ ಜನರಿಗಾಗಿ ಒಂದು ಕಾನೂನು ಕ್ಲಿನಿಕ್ ತೆಗೆದು, ಇಂಥ ಕೆಲಸಕ್ಕೆ ಇಷ್ಟು ಫೀಸು ಅಂತ ಪೇಪರಲ್ಲಿ ಹಾಕಿಸಿದರು. ವಕೀಲರ ಸಂಘ ಮೇಲೆ ಬಿತ್ತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, 1977ರಲ್ಲಿ ಜಾಹೀರಾತು ಕೊಡೋದು ವಕೀಲರ ಹಕ್ಕು ಅಂತ ತೀರ್ಪು ಬಂತು. ಯಾರ ಹೆಸರಲ್ಲಿ ಬಾಗಿಲು ತೆಗೀತು ಗಮನಿಸಿ: ವಕೀಲರ ಮನೆ ಬಾಗಿಲು ಯಾವ ಕಡೆ ಇದೆ ಅಂತಲೂ ಗೊತ್ತಿಲ್ಲದ ಸಾಧಾರಣ ಜನರ ಹೆಸರಲ್ಲಿ. ಆ ಬಾಗಿಲಲ್ಲಿ ನುಗ್ಗಿದ್ದು ಯಾರು? ಆಸ್ತಿವಂತ ಮುದುಕರನ್ನ ಹೋಟೆಲಿಗೆ ಕರೆದು, ಪುಕ್ಕಟೆ ಊಟ ಹಾಕಿ, ಟ್ರಸ್ಟ್ ಮಾರೋ ಸೆಮಿನಾರಿನವರು. ಅದೇ ಈಗ ರೀಲ್ ಆಗಿದೆ.

ಅಲ್ಲಿಯ ಆ ವಕೀಲರು ಜನರನ್ನ ಹೆದರಿಸೋಕೆ ಬಳಸೋ ಹೆಸರುಗಳನ್ನ ನೋಡಿ. ಗಾಯಕ ಪ್ರಿನ್ಸ್, 2016ರಲ್ಲಿ ವಿಲ್ ಇಲ್ಲದೆ ಸತ್ತ. ಗಾಯಕಿ ಅರೀಥಾ ಫ್ರಾಂಕ್ಲಿನ್, 2018ರಲ್ಲಿ ತೀರಿಕೊಂಡರು. ಕೈಬರಹದ ಒಂದು ವಿಲ್ ಸೋಫಾ ದಿಂಬಿನ ಕೆಳಗೆ ಸಿಕ್ಕಿ, ಮಕ್ಕಳು 2023ರ ತನಕ ಕೋರ್ಟಲ್ಲಿದ್ದರು. ನಟ ಚಾಡ್ವಿಕ್ ಬೋಸ್‌ಮನ್, 2020ರಲ್ಲಿ, ಅವನದೂ ವಿಲ್ ಇಲ್ಲ. ಮೂವರೂ ಕಪ್ಪು ಜನ. ಕಪ್ಪು ಕಲಾವಿದ ಸತ್ತರೆ ಅದು ಕಂಟೆಂಟು. ಆದರೆ ಅದೇ ದೇಶದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ರೈತರು ವಿಲ್ ಇಲ್ಲದ ಕಾರಣಕ್ಕೆ ಕಳಕೊಂಡ ಭೂಮಿ ಬಗ್ಗೆ ಈ ಮಾರ್ಕೆಟಿಂಗ್ ಗುರುಗಳು ಮಾತಾಡಲ್ಲ.

ಅದು ನಮಗೆ ತಿಳಿದಿರಬೇಕಾದ ಕತೆ. ಗುಲಾಮಗಿರಿ ಕಳೆದ ಮೇಲೆ ಕಪ್ಪು ಜನ ಹೊಟ್ಟೆ ಬಟ್ಟೆ ಕಟ್ಟಿ ಭೂಮಿ ಕೊಂಡರು. 1910ರ ಹೊತ್ತಿಗೆ ಸುಮಾರು 1.5 ಕೋಟಿ ಎಕರೆ ಅವರ ಕೈಲಿತ್ತು. ಮುಂದಿನ ನೂರು ವರ್ಷದಲ್ಲಿ ಅದರ ಬಹುಪಾಲು ಹೋಯಿತು. ಹೊಡೆದು ಬಡಿದು ಕಿತ್ತುಕೊಂಡಿದ್ದು ಒಂದಷ್ಟು, ಸಾಲ ಕೊಡದೆ ಸಾಯಿಸಿದ್ದು ಒಂದಷ್ಟು. ಇನ್ನೊಂದಷ್ಟು ಹೋಗಿದ್ದು ಕಾಗದದಲ್ಲಿ. ಬಿಳಿಯರ ಕೋರ್ಟು, ಬಿಳಿಯ ವಕೀಲ, ಯಾರನ್ನ ನಂಬೋದು? ಹಾಗಾಗಿ ವಿಲ್ ಬರೆಸಲಿಲ್ಲ. ತಾತ ಸತ್ತರೆ ಭೂಮಿ ಎಲ್ಲ ಮಕ್ಕಳು ಮೊಮ್ಮಕ್ಕಳ ಜಂಟಿ ಹೆಸರಿಗೆ. ಅವರಲ್ಲಿ ಒಬ್ಬ ದೂರದ ಊರಲ್ಲಿರ್ತಾನೆ, ಅವನ ಚೂರು ಪಾಲನ್ನ ಒಬ್ಬ ಬಂಡವಾಳಗಾರ ಚಿಲ್ಲರೆ ಕಾಸಿಗೆ ಕೊಳ್ತಾನೆ. ಕೊಂಡವನು ಸೀದಾ ಕೋರ್ಟಿಗೆ ಹೋಗಿ "ಪಾಲು ಮಾಡೋಕೆ ಆಗಲ್ಲ, ಪೂರ್ತಿ ಹರಾಜು ಹಾಕಿ" ಅಂತಾನೆ. ಹರಾಜಲ್ಲಿ ಕೂಗೋನೂ ಅವನೇ, ಕೊಳ್ಳೋನೂ ಅವನೇ. ಇದನ್ನ ತಡೆಯೋಕೆ ಒಂದು ಮಾದರಿ ಕಾನೂನು ಬಂದಿದ್ದು 2010ರಲ್ಲಿ. ಥಾಮಸ್ ಮಿಚೆಲ್ ಅನ್ನೋ ಕಪ್ಪು ಕಾನೂನು ಪ್ರಾಧ್ಯಾಪಕರು ಅದರ ಕರಡಿನ ಹಿಂದೆ ದುಡಿದವರು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಇಂಥ ಕುಟುಂಬಗಳಿಗೇ ಅಂತ ಒಂದು ಕೇಂದ್ರ 2005ರಿಂದ ಕೆಲಸ ಮಾಡ್ತಿದೆ. ವಂಶವೃಕ್ಷ ಬರೆಸ್ತಾರೆ, ಹಕ್ಕುಪತ್ರ ಸರಿಮಾಡಿಸ್ತಾರೆ, ವಿಲ್ ಬರೆಸ್ತಾರೆ. ಅದೂ ಆಸ್ತಿ ಯೋಜನೆಯೇ. ಆದ್ರೆ ಕೋರ್ಸ್ ಮಾರೋರ ನೋಟ್ಸಲ್ಲಿ ಆ ಕುಟುಂಬಗಳು ಗ್ರಾಹಕರಲ್ಲ.

ಇಷ್ಟು ದೂರ ಹೋಗಿ ಬಂದಿದ್ದು ಯಾಕೆ ಅಂದ್ರೆ, ಅಲ್ಲಿ ವಿಲ್ ಇಲ್ಲದ್ದಕ್ಕೆ ಭೂಮಿ ಹೋಯಿತು. ನಮ್ಮಲ್ಲಿ ವಿಲ್ ಇರೋದ್ರಿಂದಲೇ ಹೋಗ್ತಿದೆ.

ಪಿಟಿಸಿಎಲ್ ಕಾಯ್ದೆ ನಿಮಗೆಲ್ಲ ಗೊತ್ತು. 1978ರದ್ದು, ದೇವರಾಜ ಅರಸರ ಕಾಲದ್ದು. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನನ್ನ ಷರತ್ತು ಮುರಿದು ಪರಭಾರೆ ಮಾಡಿದರೆ ಅದು ಅಸಿಂಧು, ಎ.ಸಿ.ಯವರು ಜಮೀನು ಬಿಡಿಸಿ ವಾಪಸ್ ಕೊಡಬೇಕು. ಕಾಯ್ದೆ ಬಂದ ಮೇಲೆ ಸರ್ಕಾರದ ಮುಂಗಡ ಅನುಮತಿ ಇಲ್ಲದೆ ಮಾರುವ ಹಾಗೂ ಇಲ್ಲ, ಕೊಳ್ಳುವ ಹಾಗೂ ಇಲ್ಲ. ಭೂಮಾಲೀಕರು ಕೋರ್ಟಿಗೆ ಹೋದರು, 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆ ಸರಿ ಅಂದಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ "ತಡವಾಗಿ ಬಂದಿದ್ದೀರಿ" ಅಂತ ಹೇಳಿ ಬಾಗಿಲು ಹಾಕಿತು. ಆ ತೀರ್ಪು ತೋರಿಸಿ ರಾಜ್ಯದ ತುಂಬ ನಮ್ಮವರ ಅರ್ಜಿ ವಜಾ ಆದವು. ತಿಂಗಳುಗಟ್ಟಲೆ ಫ್ರೀಡಂ ಪಾರ್ಕಲ್ಲಿ ಕೂತು, ಬಿಸಿಲು ಮಳೆ ತಿಂದು, 2023ರಲ್ಲಿ ತಿದ್ದುಪಡಿ ತಂದ್ವಿ. ಈಗ ಈ ಕಾಯ್ದೆಗೆ ಕಾಲಮಿತಿ ಇಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ. ಆ ಧರಣಿಯಲ್ಲಿ ಕೂತಿದ್ದವರು ಈ ಪೋಸ್ಟ್ ಓದ್ತಿರ್ತಾರೆ, ನಿಮ್ಮ ಕಾಲಿಗೆ ನಮಸ್ಕಾರ.

ಆದರೆ ಕಾಯ್ದೆಯ ಮೂರನೇ ಕಲಮನ್ನ ಎಷ್ಟು ಜನ ಓದಿದ್ದೀರಿ? "ಪರಭಾರೆ" ಅಂದ್ರೆ ಏನು ಅಂತ ಅಲ್ಲಿ ಹೇಳಿದೆ. ಕ್ರಯ, ದಾನ, ಅದಲುಬದಲು, ಅಡಮಾನ, ಗುತ್ತಿಗೆ, ಇಂಥ ಬೇರೆ ಯಾವುದೇ ವ್ಯವಹಾರ, ಎಲ್ಲ ಪರಭಾರೆಯೇ. ಎರಡನ್ನ ಮಾತ್ರ ಹೊರಗಿಟ್ಟಿದ್ದಾರೆ. ಒಂದು, ಕುಟುಂಬದೊಳಗಿನ ವಿಭಾಗ. ಇನ್ನೊಂದು, ಮರಣಶಾಸನ. ಅಂದ್ರೆ ವಿಲ್.

ಬರೆದವರ ಉದ್ದೇಶ ಕೆಟ್ಟದ್ದಿರಲಿಕ್ಕಿಲ್ಲ. ಅಪ್ಪ ಮಗಳಿಗೆ ಬರೆಯಲಿ, ತಾತ ಮೊಮ್ಮಗನಿಗೆ ಬರೆಯಲಿ, ಅದಕ್ಕೂ ವಿಧಾನಸೌಧಕ್ಕೆ ಹೋಗಿ ಅನುಮತಿ ಕೇಳೋದು ಬೇಡ ಅಂತ ಬಿಟ್ಟಿರಬೇಕು. ಆದರೆ ಆ ಕಿಂಡಿಯಲ್ಲಿ ನುಗ್ಗಿದ್ದು ಮಗಳೂ ಅಲ್ಲ, ಮೊಮ್ಮಗನೂ ಅಲ್ಲ. ಎಕರೆಗೆ ಕೋಟಿ ಲೆಕ್ಕ ಹಾಕೋ ಕಡೆಯೆಲ್ಲ ನಡೆಯೋದು ಹೀಗೆ. ದಲ್ಲಾಳಿ ಬರ್ತಾನೆ. ಮುದುಕನಿಗೆ ಮಗಳ ಮದುವೆ ಸಾಲ, ಇಲ್ಲ ಆಸ್ಪತ್ರೆ ಸಾಲ. ಒಂದಿಷ್ಟು ದುಡ್ಡು ಕೈಗೆ. ಒಂದು ಕರಾರು, ಒಂದು ಜಿಪಿಎ, ಅವೆರಡರ ಜೊತೆಗೆ ಒಂದು ವಿಲ್. ಜಮೀನಿಗೆ ಬೇಲಿ ಅವತ್ತೇ ಬೀಳುತ್ತೆ. ವಿಲ್ಲನ್ನ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಾಯಿಸ್ತಾರೆ. ನೋಂದಣಿ ಕಡ್ಡಾಯ ಅಲ್ಲ, ವಿಲ್‌ಗೆ ಮುದ್ರಾಂಕ ಶುಲ್ಕವೂ ಇಲ್ಲ. ಆದರೂ ಮಾಡಿಸ್ತಾರೆ, ಸೀಲು ಬಿದ್ದರೆ ಮುದುಕನ ಮಕ್ಕಳು ಹೆದರ್ತಾರೆ ಅಂತ.

ಆ ವಿಲ್ ಒಳಗೆ ಏನು ಬರೆದಿರುತ್ತೆ ಗೊತ್ತಾ? ನಾನು ಗುಮಾಸ್ತ, ದಿನಾ ಕಾಗದ ಓದೋನು. ಇಂಥ ವಿಲ್‌ಗಳ ನಕಲು ಹಿಡಕೊಂಡು ಭಾನುವಾರ ನಮ್ಮ ಮನೆಗೆ ಜನ ಬರ್ತಾರೆ. ಪತ್ರ ಬರೆಯೋರ ಹತ್ತಿರ ಒಂದು ಸಿದ್ಧ ಸಾಲು ಇರುತ್ತೆ, ಊರು ಬದಲಾದ್ರೂ ಸಾಲು ಬದಲಾಗಲ್ಲ: ನನ್ನ ವೃದ್ಧಾಪ್ಯದಲ್ಲಿ ನನ್ನನ್ನು ಪ್ರೀತಿ ವಿಶ್ವಾಸದಿಂದ ನೋಡಿಕೊಂಡು ನನ್ನ ಯೋಗಕ್ಷೇಮ ವಿಚಾರಿಸಿಕೊಳ್ಳುತ್ತಿರುವ ಶ್ರೀಯುತರಿಗೆ ಈ ಸ್ವತ್ತು ಸೇರತಕ್ಕದ್ದು.

ಪ್ರೀತಿ ವಿಶ್ವಾಸ! ಮನೆ ಜಗುಲಿ ಹತ್ತಿಸದ ಮನುಷ್ಯ, ಹೊಲಗೇರಿ ಕಡೆ ಮುಖ ಹಾಕದ ಮನುಷ್ಯ, ಕೂಲಿ ದುಡ್ಡನ್ನ ಮೇಲಿಂದ ಕೈಗೆ ಎಸೆಯೋ ಮನುಷ್ಯ, ಅವನು ನಮ್ಮ ತಾತನ ಯೋಗಕ್ಷೇಮ ವಿಚಾರಿಸಿಕೊಂಡನಂತೆ. ಆ ತಾತನಿಗೆ ಮೂವರು ಮಕ್ಕಳಿದ್ರು, ಹೆಂಡತಿ ಬದುಕಿದ್ಲು, ಅವರ ಹೆಸರೇ ಇಲ್ಲ. ಎರಡೂವರೆ ಎಕರೆ ಮೇಲೆ ಹುಟ್ಟಿದ ಪ್ರೀತಿ ಅದು. ಕೊನೆಗೆ ಒಂದು ಹೆಬ್ಬೆಟ್ಟು. ಪಕ್ಕದಲ್ಲಿ "ಓದಿಸಿ ಕೇಳಿ ಸರಿ ಇದೆಯೆಂದು ಒಪ್ಪಿ" ಅನ್ನೋ ಸಾಲು. ಯಾರು ಓದಿದ್ರು, ಯಾರು ಕೇಳಿಸಿಕೊಂಡ್ರು?

ಇದಕ್ಕೆ ಉತ್ತರ ಕಾನೂನಲ್ಲೇ ಇದೆ. ನಾನು ಬಿ.ಎ. ಓದಿದವನು, ವಕೀಲ ಅಲ್ಲ. ಆದರೂ ಇಷ್ಟು ಓದಿ ತಿಳಕೊಳ್ಳೋಕೆ ಎಲ್‌ಎಲ್‌ಬಿ ಬೇಕಾಗಿಲ್ಲ. ಅದೇ ಮೂರನೇ ಕಲಮಲ್ಲಿ, ಕ್ರಯದ ಕರಾರು ಕೂಡ ಪರಭಾರೆ ಅಂತ ಸ್ಪಷ್ಟವಾಗಿ ಸೇರಿಸಿದ್ದಾರೆ. ವಿಲ್ ಜೊತೆಗೆ ದುಡ್ಡು ಕೈ ಬದಲಾಗಿದ್ದರೆ, ಸ್ವಾಧೀನ ಹೋಗಿದ್ದರೆ, ಜಿಪಿಎ ಆಗಿದ್ದರೆ, "ಇದು ವಿಲ್ ಅಲ್ಲ, ವಿಲ್ ವೇಷದ ಕ್ರಯ" ಅಂತ ವಾದ ಮಾಡಬೇಕು. 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕರಾರು, ಜಿಪಿಎ, ವಿಲ್ ಮೂರರ ಗಂಟನ್ನೇ ಎತ್ತಿಕೊಂಡು, ಇದರಿಂದ ಮಾಲೀಕತ್ವ ಹೋಗಲ್ಲ ಅಂತ ಹೇಳಿದೆ. ಅದು ಪಿಟಿಸಿಎಲ್ ಕೇಸಲ್ಲ, ನಿಜ. ಆದರೆ ತರ್ಕ ನಮಗೆ ಬೇಕಾದ್ದೇ. ಇನ್ನೂ ಹಿಂದೆ, 1959ರಲ್ಲಿ, ನಮ್ಮ ಮೈಸೂರು ಸೀಮೆಯಿಂದಲೇ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣ ಇದೆ. ವಿಲ್‌ನಿಂದ ಲಾಭ ಆಗೋನೇ ಮುಂದೆ ನಿಂತು ಅದನ್ನ ಬರೆಸಿದ್ದರೆ ಅದು ಅನುಮಾನದ ಸಂದರ್ಭ, ಆ ಅನುಮಾನ ಕಳೆಯೋ ಹೊಣೆ ವಿಲ್ ಹಿಡಕೊಂಡು ಬಂದವನ ಮೇಲೇ ಇರುತ್ತೆ. ನೋಂದಣಿ ಆಗಿದೆ ಅಂದ ಮಾತ್ರಕ್ಕೆ ವಿಲ್ ಸಾಬೀತಾಗಲ್ಲ. ಇಬ್ಬರು ಸಾಕ್ಷಿ ಸಹಿ ಹಾಕಿರಬೇಕು, ಅವರಲ್ಲಿ ಬದುಕಿರೋ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಆ ಸಾಕ್ಷಿಗಳು ಯಾರು ಅಂತ ನೋಡಿದ್ರೆ ಅರ್ಧ ಕತೆ ಗೊತ್ತಾಗುತ್ತೆ. ಒಬ್ಬ ಕೊಂಡವನ ಭಾಮೈದ, ಇನ್ನೊಬ್ಬ ದಲ್ಲಾಳಿ.

ತಮ್ಮಾ, ನಿನ್ನ ಆ ನೋಟ್ಸಲ್ಲಿ ಇರೋ ಹಾಗೆ ಒಂದು ವಿಡಿಯೋ, ಒಂದು ಪ್ರಶ್ನೆ. ಮೇಲಿನ ಒಂದು ಪ್ಯಾರಾದಲ್ಲೇ ನಾಲ್ಕು ವಿಡಿಯೋ ಇದೆ. ಯಾರು ಮಾಡಿದ್ದಾರೆ? ಎನ್‌ಆರ್‌ಐ ಮಗನಿಗೆ ಫ್ಲಾಟು ಬರೆಯೋದು ಹೇಗೆ ಅಂತ ಹೇಳೋರು ಸಾಲುಗಟ್ಟಿ ನಿಂತಿದ್ದಾರೆ. ದರಖಾಸ್ತು ಜಮೀನಿನ ಮೇಲೆ ಬಿದ್ದ ವಿಲ್ ಮುರಿಯೋದು ಹೇಗೆ ಅಂತ ಕನ್ನಡದಲ್ಲಿ, ನಮ್ಮ ಅವ್ವಂದಿರಿಗೆ ಅರ್ಥ ಆಗೋ ಕನ್ನಡದಲ್ಲಿ, ಹೇಳೋರನ್ನ ಹುಡುಕಬೇಕು.

ಈಗ "ವಕೀಲರು ಜಾಹೀರಾತು ಕೊಡಬಾರದಲ್ವಾ" ಅಂತ ಒಬ್ಬರು ಕೇಳೇ ಕೇಳ್ತಾರೆ. ಹೌದು, ಭಾರತೀಯ ವಕೀಲರ ಪರಿಷತ್ತಿನ ನಿಯಮ 36 ಹಾಗೇ ಹೇಳುತ್ತೆ. ನೇರವಾಗಿ ಆಗಲಿ, ಸುತ್ತಿ ಬಳಸಿ ಆಗಲಿ, ಕೇಸು ಕೇಳಿಕೊಂಡು ಹೋಗುವ ಹಾಗಿಲ್ಲ. ಬೋರ್ಡು ಕೂಡ ಇಷ್ಟೇ ದೊಡ್ಡದಿರಬೇಕು ಅಂತಿದೆ. 2008ರಲ್ಲಿ ಸ್ವಲ್ಪ ಸಡಿಲ ಮಾಡಿ, ವೆಬ್‌ಸೈಟಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ಯಾವ ಬಗೆಯ ಕೇಸು ನಡೆಸ್ತೀರಿ ಅನ್ನೋದನ್ನ ಹಾಕಬಹುದು ಅಂದರು. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಆನ್‌ಲೈನಲ್ಲಿ ವಕೀಲರನ್ನ ಸರಕಿನ ಥರ ಪಟ್ಟಿ ಮಾಡಿ ತೋರಿಸೋದರ ಮೇಲೆ ಕಟುವಾಗಿ ಬರೆಯಿತು. 2025ರ ಮಾರ್ಚಲ್ಲಿ ಪರಿಷತ್ತು ಮತ್ತೆ, ಸಿನಿಮಾ ನಟರನ್ನ, ಇನ್‌ಫ್ಲುಯೆನ್ಸರ್‌ಗಳನ್ನ ಇಟ್ಕೊಂಡು ಪ್ರಚಾರ ಮಾಡಬೇಡಿ ಅಂತ ಎಚ್ಚರಿಕೆ ಕೊಟ್ಟಿತು.

ವೃತ್ತಿಯ ಘನತೆ ಅಂತಾರೆ. ಇರಲಿ. ಆದರೆ ಈ ನಿಯಮದ ಬಿಸಿ ಯಾರಿಗೆ ತಟ್ಟುತ್ತೆ, ಯಾರಿಗೆ ತಟ್ಟಲ್ಲ ಅಂತ ಒಂದು ಸಲ ಯೋಚನೆ ಮಾಡಿ. ಅಪ್ಪ ವಕೀಲ, ಮಾವ ನ್ಯಾಯಾಧೀಶ, ಚಿಕ್ಕಪ್ಪ ಮಠದ ಟ್ರಸ್ಟಿ, ಜಾತಿ ಸಂಘದ ವಾರ್ಷಿಕೋತ್ಸವದಲ್ಲಿ ಮೊದಲ ಸಾಲಿನ ಕುರ್ಚಿ. ಇವನಿಗೆ ಜಾಹೀರಾತು ಯಾಕೆ ಬೇಕು? ಅವನ ಹೆಸರಿನ ಕೊನೆಗಿರೋ ಪದವೇ ಜಾಹೀರಾತು. ಮದುವೆ ಮನೆಯಲ್ಲಿ ನಾಲ್ಕು ಜನಕ್ಕೆ ಕೈಮುಗಿದರೆ ಎರಡು ದಾವೆ ಬರ್ತವೆ. ಅದನ್ನ ಯಾವ ನಿಯಮವೂ ಹಿಡಿಯಲ್ಲ. ಕೂಲಿ ಮಾಡೋರ ಮಗ ಕೋಟು ಹಾಕ್ಕೊಂಡು ಕೋರ್ಟ್ ಕಾರಿಡಾರಲ್ಲಿ ನಿಂತರೆ, ಇವನು ವಕೀಲ ಅಂತ ನಂಬೋಕೇ ಜನಕ್ಕೆ ವರ್ಷ ಬೇಕು. ನಮ್ಮ ಜನರೇ ನಂಬಲ್ಲ, ಅದು ಇನ್ನೊಂದು ನೋವು. ಅಟ್ರಾಸಿಟಿ ಕೇಸಿಗೆ ನಮ್ಮ ಹುಡುಗ ಬೇಕು, ಆಸ್ತಿ ಕೇಸಿಗೆ ಮಾತ್ರ "ದೊಡ್ಡ ವಕೀಲರು" ಬೇಕು ಅಂತೀವಲ್ಲ ನಾವು.

ಬಾಬಾಸಾಹೇಬರಿಗೇ ಇದು ತಪ್ಪಲಿಲ್ಲ. ಕೊಲಂಬಿಯಾ, ಲಂಡನ್ ಎರಡೂ ಮುಗಿಸಿ ಬ್ಯಾರಿಸ್ಟರ್ ಆಗಿ 1923ರಲ್ಲಿ ಮುಂಬಯಿ ಹೈಕೋರ್ಟಿಗೆ ಬಂದರೆ, ಕೇಸು ಕೊಡಬೇಕಾದ ಸಾಲಿಸಿಟರುಗಳು ಹತ್ತಿರ ಸೇರಿಸಲಿಲ್ಲ. ಬದುಕಿಗೆ ಬಾಟ್ಲಿಬಾಯ್ ಅವರ ಸಂಸ್ಥೆಯಲ್ಲಿ ಕಾನೂನು ಪಾಠ ಮಾಡಬೇಕಾಯ್ತು. ಅದಕ್ಕೂ ಮೊದಲು, 1920ರಲ್ಲಿ 'ಮೂಕನಾಯಕ' ಪತ್ರಿಕೆ ಶುರು ಮಾಡಿದಾಗ, ಅದರ ಜಾಹೀರಾತನ್ನ ತಿಲಕರ 'ಕೇಸರಿ' ದುಡ್ಡು ಕೊಡ್ತೀವಿ ಅಂದ್ರೂ ಹಾಕಲಿಲ್ಲ. ದುಡ್ಡು ಕೊಟ್ಟರೂ ನಮ್ಮ ಜಾಹೀರಾತಿಗೆ ಜಾಗ ಇರಲಿಲ್ಲ. ನೂರು ವರ್ಷ ಆದ ಮೇಲೆ ನಮ್ಮ ಕೈಗೂ ಒಂದು ಫೋನು ಬಂದಿದೆ, ಯಾವ ಸಂಪಾದಕನನ್ನೂ ಕೇಳಬೇಕಾಗಿಲ್ಲ. ಅದರಲ್ಲಿ ನಾವು ಏನು ಹಾಕ್ತಿದ್ದೀವಿ? ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರಿಗೆ ಹಿಡಿಸೋ ಹಾಗೆ ನಗು ಮುಖದ ರೀಲು.

ನಿಯಮ 36 ಒಡೆಯಿರಿ ಅಂತ ನಾನು ಹೇಳ್ತಿಲ್ಲ. ನಮ್ಮ ಹುಡುಗ ಒಡೆದರೆ ಶಿಸ್ತು ಸಮಿತಿ ಎಚ್ಚರ ಆಗುತ್ತೆ, ಬೇರೆಯವರು ಒಡೆದರೆ ಮಲಗಿರುತ್ತೆ, ಅದೂ ಗೊತ್ತಿರಲಿ. ಒಡೆಯೋ ಅಗತ್ಯವೇ ಇಲ್ಲ. "ನನಗೆ ಕೇಸು ಕೊಡಿ" ಅನ್ನೋದು ಬೇರೆ, "ಕಾನೂನು ಹೀಗಿದೆ" ಅನ್ನೋದು ಬೇರೆ. ಕಾನೂನು ತಿಳಿಸೋದನ್ನ ಸರ್ಕಾರವೇ ಕಾನೂನು ಅರಿವು ಶಿಬಿರ ಅಂತ ಬ್ಯಾನರ್ ಕಟ್ಟಿ ಮಾಡುತ್ತೆ. ಫೋನ್ ನಂಬರ್ ಹಾಕಬೇಡ, "ಸಂಪರ್ಕಿಸಿ" ಅನ್ನಬೇಡ, ಫೀಸಿನ ಮಾತೇ ಬೇಡ. ಹಾಕಬೇಕಾದ ನಂಬರ್ ಒಂದೇ: 15100. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಪರಿಶಿಷ್ಟರಿಗೆ, ಹೆಂಗಸರಿಗೆ ವಕೀಲರ ನೆರವು ಉಚಿತ, ಆದಾಯದ ಮಿತಿ ನೋಡಲ್ಲ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ? ತಾಲ್ಲೂಕು ಕಾನೂನು ಸೇವಾ ಸಮಿತಿಯ ಪ್ಯಾನೆಲ್ಲಿಗೆ ನೀನೂ ಅರ್ಜಿ ಹಾಕು ತಮ್ಮಾ. ಹಾಗೆ ಬಂದ ಕೇಸಿಗೆ ಸಂಭಾವನೆ ಕಡಿಮೆ, ನಿಜ. ಆದ್ರೆ ಎ.ಸಿ. ಕೋರ್ಟಲ್ಲಿ ಒಂದು ಪಿಟಿಸಿಎಲ್ ಅರ್ಜಿ ಗೆದ್ದು ಎರಡು ಎಕರೆ ವಾಪಸ್ ಕೊಡಿಸು, ಇಡೀ ಹೋಬಳಿಯ ಕೇರಿಗಳಲ್ಲಿ ನಿನ್ನ ಹೆಸರು ಓಡಾಡುತ್ತೆ. ಅದನ್ನ ಯಾವ ಪರಿಷತ್ತು ತಡೆಯೋಕಾಗುತ್ತೆ?

ನಮ್ಮ ಮನೆಯೊಳಗಿನದ್ದೂ ಒಂದು ಹೇಳಿಬಿಡ್ತೀನಿ, ಕೆಲವರಿಗೆ ಉರಿಯುತ್ತೆ. "ಹೆಣ್ಣುಮಕ್ಕಳು ಪಾಲು ಕೇಳದ ಹಾಗೆ ವಿಲ್ ಬರೆಸೋದು ಹೇಗೆ" ಅನ್ನೋ ಥರದ ವಿಡಿಯೋಗಳನ್ನ ನಮ್ಮ ಗ್ರೂಪುಗಳಲ್ಲೂ ಫಾರ್ವರ್ಡ್ ಮಾಡ್ತಾರೆ. ಡಿಪಿಯಲ್ಲಿ ಬಾಬಾಸಾಹೇಬರ ಫೋಟೋ! ಹಿಂದೂ ಸಂಹಿತೆ ಮಸೂದೆ ನಿಂತುಹೋಗಿದ್ದಕ್ಕೆ 1951ರಲ್ಲಿ ಮಂತ್ರಿ ಪದವಿ ಬಿಸಾಕಿ ಬಂದ ಮನುಷ್ಯ ಅವರು. ಹೆಣ್ಣುಮಕ್ಕಳ ಪಾಲು ಆ ಮಸೂದೆಯ ಒಳಗಿತ್ತು. ನಮ್ಮ ರಾಜ್ಯ 1994ರಲ್ಲೇ, ಕೇಂದ್ರಕ್ಕಿಂತ 11 ವರ್ಷ ಮೊದಲೇ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು. ಗೌಡನ ವಿಲ್ ಮೋಸ, ಅಕ್ಕತಂಗಿಯರ ಹೆಸರು ಬಿಡಿಸಿದ ನಮ್ಮ ವಿಲ್ ನ್ಯಾಯ, ಹಾಗಾಗಲ್ಲ. ಪೌತಿ ಖಾತೆ ಮಾಡಿಸೋವಾಗ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೂ ಬರೆಸಿ. ಅವರ ಸಹಿ ಬೇಕಾಗುತ್ತೆ ಅಂತ ಖಾತೆ ಮಾಡಿಸದೇ ಕೂತರೆ, ಪಹಣಿ ಸತ್ತ ತಾತನ ಹೆಸರಲ್ಲೇ ಉಳಿಯುತ್ತೆ. ಸತ್ತವನ ಹೆಸರಲ್ಲಿರೋ ಪಹಣಿ ಅಂದ್ರೆ ದಲ್ಲಾಳಿಗೆ ಹಬ್ಬ. ಅವನ ಚೀಲದಲ್ಲಿ ಹಳೇ ತಾರೀಖಿನ ವಿಲ್ ಒಂದು ಯಾವಾಗಲೂ ಇರುತ್ತೆ.

ಸರ್ಕಾರಕ್ಕೆ ಕೇಳಬೇಕಾದ್ದು ಒಂದು. ಮೂರನೇ ಕಲಮಿಗೆ ತಿದ್ದುಪಡಿ ಬೇಕು. ಮರಣಶಾಸನ ಅಂತ ಹೊರಗಿಟ್ಟಿರೋ ಕಡೆ "ಮಂಜೂರಾತಿದಾರರ ವಾರಸುದಾರರ ಪರವಾಗಿ ಮಾಡಿದ" ಅನ್ನೋ ನಾಲ್ಕು ಪದ ಸೇರಿಸಿ. ಕಾಲಮಿತಿ ತಿದ್ದುಪಡಿಗೆ ನಾವು ಬೀದಿಗೆ ಬಂದ ಹಾಗೆ ಇದಕ್ಕೂ ಬರಬೇಕಾಗುತ್ತೆ. ಸಂಘಟನೆಗಳ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಇದು ಇರಲಿ. ಹತ್ತು ಬಣ ಆಗಿದ್ದೀವಿ, ಈ ನಾಲ್ಕು ಪದಕ್ಕಾದರೂ ಒಂದೇ ಮನವಿ ಪತ್ರದಲ್ಲಿ ಸಹಿ ಹಾಕೋಣ.

ಅಲ್ಲೀ ತನಕ ಕಾಯಬೇಕಾಗಿಲ್ಲದ ಕೆಲಸ ಇನ್ನೊಂದಿದೆ. ವಿಲ್ ಜಾರಿಗೆ ಬರೋದು ಬರೆದವರು ಸತ್ತ ಮೇಲೆ. ಬದುಕಿರೋ ತನಕ ಯಾವಾಗ ಬೇಕಾದರೂ ರದ್ದು ಮಾಡಬಹುದು. "ಇದು ರದ್ದು ಮಾಡೋ ಹಾಗಿಲ್ಲ" ಅಂತ ವಿಲ್ ಒಳಗೇ ಬರೆದಿದ್ದರೂ ಆ ಮಾತಿಗೆ ಬೆಲೆ ಇಲ್ಲ. ಹಿಂದಿನ ವಿಲ್ ರದ್ದು ಅಂತ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಇಲ್ಲ ಹೆಬ್ಬೆಟ್ಟು, ಅವರಿಬ್ಬರೂ ಸಹಿ ಹಾಕಬೇಕು. ಆಮೇಲೆ ತಕರಾರು ಬರದ ಹಾಗೆ ಅದನ್ನೂ ನೋಂದಣಿ ಮಾಡಿಸಿ. ದುಡ್ಡು ಪಡೆದು ಕೊಟ್ಟ ಜಿಪಿಎ ಇದ್ದರೆ ಅದರ ರದ್ದತಿಗೆ ತಕರಾರು ಎತ್ತುತ್ತಾರೆ, ಅದಕ್ಕೆ ವಕೀಲರನ್ನ ಕೇಳಿಯೇ ಮುಂದೆ ಹೋಗಿ.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಮಂಜೂರಾತಿ ಜಮೀನಿದ್ದ ಹಿರಿಯರು ಬದುಕಿದ್ದರೆ ಇವತ್ತೇ ಕೂತು ಕೇಳಿ: "ಅಪ್ಪಾ, ಯಾವತ್ತಾದರೂ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ರಾ?" ಬೈಯಬೇಡಿ, ದುಡ್ಡು ಏನು ಮಾಡಿದೆ ಅಂತ ಕೇಳಬೇಡಿ, ಕೇಳಿದ್ರೆ ಬಾಯಿ ಬಿಡಲ್ಲ. ಹೌದು ಅಂದ್ರೆ, ಮಂಜೂರಾತಿ ಆದೇಶ ಇಲ್ಲ ಸಾಗುವಳಿ ಚೀಟಿ, ಪಹಣಿ, ಮ್ಯುಟೇಶನ್ ನಕಲು, ಸಿಕ್ಕರೆ ಆ ವಿಲ್‌ನ ನಕಲು ಇಷ್ಟು ಜೋಡಿಸ್ಕೊಂಡು ತಾಲ್ಲೂಕು ಕೋರ್ಟ್ ಆವರಣದ ಕಾನೂನು ಸೇವಾ ಸಮಿತಿ ಕಚೇರಿಗೆ ಹೋಗಿ. ಹಿರಿಯರನ್ನೂ ಜೊತೆಗೆ ಕರ್ಕೊಂಡು ಹೋಗಿ. ಅವರ ಆಧಾರ್ ಕಾರ್ಡ್ ಮರೀಬೇಡಿ.